ಟಗರಿನ ಒಡೆಯರು

ಕಲ್ಲುಗಳಿಗೆ ಅಪ್ಪ-ಅಮ್ಮನನ್ನು ಹುಡುಕಿಕೊಡುವುದು ಅವಳ ಕೆಲಸ. ಹರಾಜು ಕಂಪನಿಗೆ ಹಳೆಯ ಶಿಲ್ಪ ಯಾವುದೇ ಬರಲಿ, ಅದು ಮೊದಲು ಯಾರ ಮನೆಯಲ್ಲಿತ್ತು, ಅವರಿಂದ ಯಾರ ಕೈಗೆ ಹೋಯಿತು, ನಡುವೆ ಎಲ್ಲಾದರೂ ಕದ್ದ ಮಾಲಾಗಿತ್ತೇ ಎಂದು ಜಾಲಾಡಿ ಒಡೆಯರ ಸಾಲನ್ನು ತಪ್ಪಿಲ್ಲದೆ ಬರೆದುಕೊಡಬೇಕು. ಅದಕ್ಕೇ ಆಫೀಸಿನವರು ಅವಳಿಗೆ ‘ವಂಶಾವಳಿ’ ಎಂದು ಹೆಸರಿಟ್ಟಿದ್ದರು. ಮನುಷ್ಯರ ವಂಶಾವಳಿಯಲ್ಲಿ ಒಬ್ಬ ಮುತ್ತಜ್ಜ ಕಾಣೆಯಾದರೆ ಕೇಳುವವರಿಲ್ಲ. ಕಲ್ಲಿನದರಲ್ಲಿ ಒಂದು ಕೊಂಡಿ ಕಳಚಿದರೆ ಇಡೀ ವ್ಯಾಪಾರವೇ ನೆಲಕಚ್ಚುತ್ತದೆ. ಪುರಾತನ ವಸ್ತುಗಳ ಕಾನೂನು ಬರುವ ಮೊದಲೇ ಅದು ಯಾರದೋ ಸ್ವಂತ ಸ್ವತ್ತಾಗಿತ್ತು ಎಂದು ತೋರಿಸಲಾಗದ ಶಿಲ್ಪವನ್ನು ಮರ್ಯಾದಸ್ಥರು ಕೊಳ್ಳುವುದಿಲ್ಲ. ಮರ್ಯಾದೆ ಬಿಟ್ಟವರು ಕೊಳ್ಳುತ್ತಾರೆ, ಆದರೆ ಅವರು ಹರಾಜಿನವರೆಗೂ ಬರುವುದಿಲ್ಲ.

ಆ ಸಲ ಬಂದದ್ದು ಒಂದು ಅಮೃತಶಿಲೆಯ ಟಗರು. ಎರಡು ಸಾವಿರ ವರ್ಷಕ್ಕೂ ಹಳೆಯದು ಎಂದು ತಜ್ಞರು ಹೇಳಿದ್ದರು. ದಪ್ಪ ಪೀಠದ ಮೇಲೆ ಕಾಲು ಮಡಚಿ ಮಲಗಿತ್ತು. ಒಂದು ಕೊಂಬು ಮುರಿದಿತ್ತು, ಇನ್ನೊಂದು ಕಿವಿಯನ್ನು ಬಳಸಿ ಸುರುಳಿ ಸುತ್ತಿತ್ತು. ಊಟ ಮುಗಿಸಿ ಮೆಲುಕು ಹಾಕುತ್ತಿರುವ ಪ್ರಾಣಿಯ ನೆಮ್ಮದಿ ಅದರ ಮುಖದಲ್ಲಿತ್ತು. ಫೋಟೋ ನೋಡಿ ಅದರ ವಿವರಣೆ ಬರೆದವಳು ವಂಶಾವಳಿಯೇ. ಪೀಠದ ತಳ ಸವೆದಿದೆ, ಅಡ್ಡಲಾಗಿ ಒಂದು ಸಣ್ಣ ಕಾಲುವೆ ಕೊರೆದಿದೆ, ಬಹುಶಃ ಪುರಾತನ ಕಾಲದಲ್ಲೇ ಯಾರೋ ಇದನ್ನು ನೀರಿನ ತೂಬಿಗೆ ಬಳಸಿರಬೇಕು ಎಂದು ತಜ್ಞರು ಹೇಳಿದ್ದನ್ನೂ ಹಾಗೆಯೇ ಸೇರಿಸಿದ್ದಳು. ಮಾರುವವನ ಜಾಗದಲ್ಲಿ ಯಾವನೋ ಏಜೆಂಟನ ಹೆಸರಿತ್ತು. ಆ ಏಜೆಂಟನ ಹಿಂದೆ ಇದ್ದವನು ತನ್ನ ಸ್ವಂತ ಭಾವ ಎಂಬುದು ಅವನೇ ಬಂದು ಎದುರಿನ ಕುರ್ಚಿ ಎಳೆದು ಕೂತಾಗ ಗೊತ್ತಾಯಿತು.

ಭಾವ ಹಳೇ ಸಾಮಾನಿನ ವ್ಯಾಪಾರಿ. ಮುರುಕು ಗಡಿಯಾರವನ್ನೂ ಮಹಾರಾಜರದ್ದು ಎಂದು ದಾಟಿಸುವ ಬಾಯಿ ಅವನದು.

“ಒಡೆಯರ ಸಾಲು ಖಾಲಿ ಬಿಟ್ಟಿದೀಯಂತೆ. ಬರ್ಕೋ, ನಿಮ್ಮಪ್ಪಂದು ಅಂತ.”

ವಂಶಾವಳಿ ನಕ್ಕಳು. ಭಾವ ನಗಲಿಲ್ಲ.

“ತಮಾಷೆ ಮಾಡ್ತಿಲ್ಲಮ್ಮ. ಆ ಕಾನೂನು ಬರೋಕ್ಕಿಂತ ಮುಂಚೇನೇ ನಿಮ್ಮ ಹಳೇ ಮನೆ ಅಂಗಳದಲ್ಲಿ ಮರದ ಕೆಳಗೆ ಇತ್ತು. ನೀವಿಬ್ರೂ ಚಿಕ್ಕವರಿದ್ದಾಗ ಅದರ ಮೇಲೆ ಕೂತು ಆಡ್ತಿದ್ರಿ. ನಿಮ್ಮಕ್ಕ ಆಗ್ಲೇ ಹಾಗಂತ ಹೇಳಿಕೆ ಕೊಟ್ಟಾಯ್ತು. ನೀನೊಂದು ಹೂಂ ಅಂದ್ಬಿಟ್ರೆ ಮುಗೀತು.”

“ನಮ್ಮಂಗಳದಲ್ಲಿ ಟಗರು ಇರ್ಲಿಲ್ಲ ಭಾವ. ಒಂದು ಕೋಳಿನೂ ಇರ್ಲಿಲ್ಲ.”

“ಇತ್ತು ಅಂದ್ಕೋ. ಸತ್ತವರು ಎದ್ದು ಬಂದು ಇಲ್ಲ ಅಂತಾರಾ?”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅಪ್ಪ ಗಾರೆ ಕೆಲಸದವನು. ಕೆಲಸ ಮುಗಿದ ಮನೆಯಿಂದ ಹೊರಡುವಾಗ ಉಳಿದ ಮೊಳೆಯನ್ನೂ ಎಣಿಸಿ ಯಜಮಾನನ ಕೈಗಿಟ್ಟು ಬರುತ್ತಿದ್ದ ಮನುಷ್ಯ. ‘ಕಂಡೋರ ಮನೆ ಮೊಳೆ ನಮ್ಮನೆ ಗೋಡೆಗೆ ಬೇಡ’ ಎನ್ನುವುದು ಅವನ ಮಾತು. ಅಂಥವನನ್ನು ಅವನು ಕಣ್ಣಲ್ಲೂ ಕಾಣದ ಕಲ್ಲಿಗೆ ಒಡೆಯನನ್ನಾಗಿ ಮಾಡಿ, ಸುಳ್ಳಿನ ಸಾಲಿನಲ್ಲಿ ನಿಲ್ಲಿಸುವುದೇ? ಆಗುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿ ಭಾವನನ್ನು ಎಬ್ಬಿಸಿ ಕಳಿಸಿದಳು.

ಭಾವ ಎದ್ದವನು ನೇರ ಕಂಪನಿಯ ಯಜಮಾನರ ಕೋಣೆಗೆ ಹೋದ. ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹರಾಜಿಗೂ ಮೊದಲೇ ಒಂದು ದೊಡ್ಡ ಮ್ಯೂಸಿಯಂ ಟಗರನ್ನು ಕೊಳ್ಳಲು ಮುಂದೆ ಬಂದಿತ್ತು, ಅದರ ವಕೀಲೆ ಬರುವವಳಿದ್ದಳು, ಇತ್ತ ಸಾಕ್ಷಿ ನೋಡಿದರೆ ಕಂಪನಿಯೊಳಗೇ ಸಂಬಳ ತೆಗೆದುಕೊಳ್ಳುತ್ತಿದ್ದಾಳೆ. ಸ್ವಂತದವರ ಸ್ವತ್ತಿನ ಚರಿತ್ರೆಯನ್ನು ನೌಕರರು ಬರೆಯಬಾರದೆಂಬ ನಿಯಮವನ್ನು ಅವರು ನೊಣ ಓಡಿಸಿದಂತೆ ಓಡಿಸಿದರು.

“ಬರೆಯೋದು ಬೇರೆಯವರು ಬರೀತಾರಮ್ಮ. ನೀನು ಬರೀ ಬಾಯಲ್ಲಿ ಹೇಳು. ನಿನ್ನ ಮಾತು ಅಂದ್ರೆ ಆ ವಕೀಲೆನೂ ನಂಬ್ತಾಳೆ. ಇಷ್ಟು ವರ್ಷ ಕಷ್ಟಪಟ್ಟು ಆ ಹೆಸರು ಸಂಪಾದಿಸಿದೀಯ.”

ಸಂಪಾದಿಸಿದ್ದು ಇದಕ್ಕೇ ಏನು ಎಂದು ಅವಳಿಗೆ ಕೇಳಬೇಕೆನಿಸಿತು. ಟಗರು ಅಪ್ಪನದ್ದಲ್ಲ ಎಂದು ತಾನೇ ಸಾಬೀತು ಮಾಡಿ ಎಲ್ಲರ ಬಾಯಿ ಮುಚ್ಚಿಸುವುದೆಂದು ನಿಶ್ಚಯಿಸಿದಳು. ಕಲ್ಲು ಮಣ್ಣಿನಿಂದ ಹೊಸದಾಗಿ ಎದ್ದಿದ್ದರೆ ತಳದ ಬಿರುಕುಗಳಲ್ಲಿ ಮಣ್ಣು ಕಚ್ಚಿಕೊಂಡಿರುತ್ತದೆ. ಮರದ ಕೆಳಗೆ ಇಟ್ಟ ಕಲ್ಲಿಗೆ ಅಂಥ ಮಣ್ಣು ಅಂಟುವುದಿಲ್ಲ. ಅಷ್ಟು ಸಿಕ್ಕರೆ ಭಾವನ ಕಥೆಗೆ ಕಲ್ಲು ಬೀಳುತ್ತದೆ.

ಗೋದಾಮಿನಲ್ಲಿ ಇಬ್ಬರು ಹಮಾಲಿಗಳು ಟಗರಿಗೆ ಅಗಲವಾದ ಪಟ್ಟಿ ಸುತ್ತಿ, ಸರಪಳಿ ರಾಟೆಗೆ ಸಿಕ್ಕಿಸಿ, ಹಾಸಿದ ಕಂಬಳಿಯ ಮೇಲೆ ಮೆಲ್ಲಗೆ ಮಗುಚಿದರು.

“ಹೊಟ್ಟೆ ಕೆಳಗೆ ಏನ್ ಹುಡುಕ್ತೀರಾ ಮೇಡಂ? ಹಾಲು ಕರೆಯೋಕೆ ಇದು ಗಂಡು” ಎಂದ ಒಬ್ಬ. ಇನ್ನೊಬ್ಬ ಕಿಸಕ್ಕನೆ ನಕ್ಕ.

ಅವಳೂ ನಗಲು ಹೋದವಳು ಅರ್ಧಕ್ಕೇ ನಿಂತಳು. ಫೋಟೋದಲ್ಲಿ ಮಸುಕಾಗಿದ್ದ ತಳ ಈಗ ದೀಪದ ಕೆಳಗೆ ಮೇಲ್ಮುಖವಾಗಿ ಬಿದ್ದಿತ್ತು. ಅಂಚುಗಳು ಒರಟು, ನಡುವೆ ಮಾತ್ರ ನುಣುಪು. ಅದೂ ಸರಿಯಾಗಿ ನಡುವೆ ಅಲ್ಲ, ಎಡಕ್ಕೆ ವಾಲಿಕೊಂಡು ತಗ್ಗಾಗಿತ್ತು. ಕಾಲುವೆ ಓರೆಯಾಗಿ ಹರಿದು ಮೂಲೆಯಲ್ಲಿ ಹೊರಬೀಳುತ್ತಿತ್ತು. ಬಲಕ್ಕೆ, ಅಂಗೈಯಷ್ಟಗಲದ ಒಂದು ಗುಳಿ. ತಜ್ಞರು ಆ ಗುಳಿಯ ಬಗ್ಗೆ ಏನೂ ಬರೆದಿರಲಿಲ್ಲ. ಅವಳು ಬಗ್ಗಿ ಅದರೊಳಗೆ ಹೆಬ್ಬೆರಳಿಟ್ಟಳು.

ಸೋಪು ಇಡುವ ಗುಳಿ. ಸೋಪು ಜಾರಿ ಜಾರಿ ಮಣ್ಣಿಗೆ ಬೀಳುತ್ತದೆಂದು ಅಮ್ಮ ಗೊಣಗಿದ್ದಕ್ಕೆ ಅಪ್ಪ ಉಳಿ ಹಿಡಿದು ಕೂತು ಕೊರೆದುಕೊಟ್ಟದ್ದು. ಈ ಕಾಲುವೆಯಲ್ಲಿ ನೊರೆಯ ತೇರು ಹರಿಯಬಿಟ್ಟು ಅದರ ಹಿಂದೆ ಓಡಿದವಳು ತಾನೇ. ಎಡಕ್ಕೆ ತಗ್ಗು ಬಿದ್ದದ್ದು ಅಮ್ಮ ಎಡಚಿಯಾದ್ದರಿಂದ. ಅಂಗಳದ ಒಗೆಯುವ ಕಲ್ಲಿನ ಕೆಳಗೆ, ಮಣ್ಣಿನಲ್ಲಿ ತಲೆಕೆಳಗಾಗಿ, ಈ ಟಗರು ತನ್ನ ಬಾಲ್ಯದುದ್ದಕ್ಕೂ ಮಲಗಿತ್ತು.

“ಮೇಡಂ, ನೀರು ತರ್ಲಾ?” ಎಂದ ನಕ್ಕವನು. ಅವಳು ನೆಲದ ಮೇಲೆ ಕೂತುಬಿಟ್ಟಿದ್ದಳು.

ಒಂದು ನೆನಪು ಬಂದರೆ ಸುಮ್ಮನಿರುತ್ತದೆಯೇ, ಕೈ ಹಿಡಿದು ಇನ್ನೊಂದನ್ನೂ ಎಳೆದು ತಂದಿತು. ಪಕ್ಕದ ಮನೆಯ ಮಾಮ ಊರಾಚೆಯ ಸಣ್ಣ ಮ್ಯೂಸಿಯಮ್ಮಿನ ಕಾವಲುಗಾರ. ಅಲ್ಲಿಂದ ಒಂದು ಕಲ್ಲಿನ ಕುರಿ ಕಳುವಾಯಿತೆಂದು ಪೊಲೀಸರು ಅವರನ್ನು ಹಿಡಿದುಕೊಂಡು ಹೋಗಿದ್ದರು. ಬೀಗದ ಕೈ ಇದ್ದದ್ದು ಅವರ ಹತ್ತಿರ, ಇನ್ನು ಬೇರೆ ಸಾಕ್ಷಿ ಯಾಕೆ ಬೇಕು? ಮಾಮನ ಮಗಳನ್ನು ಕಂಡರೆ ಬೀದಿಯ ಮಕ್ಕಳು ‘ಬ್ಯಾ’ ಎಂದು ಕುರಿಯ ಹಾಗೆ ಕೂಗುತ್ತಿದ್ದವು. ಆ ಮಕ್ಕಳಲ್ಲಿ ವಂಶಾವಳಿಯೂ ಇದ್ದಳು. ಮಾಮ ಜೈಲಿನಿಂದ ಬಂದ ಮೇಲೆ ಅವರಿಗೆ ಯಾರೂ ಕೆಲಸ ಕೊಡಲಿಲ್ಲ. ಆ ವರ್ಷ ಮ್ಯೂಸಿಯಮ್ಮಿನ ಗೋಡೆಗಳಿಗೆ ಗಾರೆ ಹಾಕಿದ್ದು ಅಪ್ಪ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಬರೆಯನ್ನು ಮೈಮೇಲೆ ಹೊತ್ತವರು ಇನ್ನೂ ಬದುಕಿದ್ದರು.

ಅವಳು ಆಫೀಸಿಗೆ ವಾಪಸ್ಸಾಗದೆ ನೇರವಾಗಿ ಅಕ್ಕನ ಮನೆಗೆ ಹೋದಳು.

ಅಕ್ಕ ಒಣಗಿದ ಬಟ್ಟೆಗಳ ರಾಶಿ ಹಾಕಿಕೊಂಡು ಮಡಚುತ್ತಿದ್ದಳು. ಭಾವ ಅಂಗಡಿಯಲ್ಲಿದ್ದ. ತಂಗಿಯ ಮುಖ ನೋಡಿದ್ದೇ ಅಕ್ಕನ ಕೈಯಲ್ಲಿದ್ದ ಟವೆಲು ಅಲ್ಲೇ ನಿಂತಿತು.

“ಮಗುಚಿ ನೋಡಿದ್ಯಾ?”

“ನಿಂಗೆ ಗೊತ್ತಿತ್ತು.”

“ಲಾಟೀನು ಹಿಡಿದವಳೇ ನಾನು. ನೀನಿನ್ನೂ ಚಿಕ್ಕವಳು, ಮಲಗಿದ್ದೆ.” ಅಕ್ಕ ಟವೆಲನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. “ಯಾರೋ ಒಬ್ಬ ಆಸೆ ಹುಟ್ಟಿಸಿದ್ನಂತೆ, ತಂದ್ಕೊಟ್ರೆ ಮನೆ ಕಟ್ಕೋಬಹುದು ಅಂತ. ಅಪ್ಪ ಕೈಗಾಡೀಲಿ ಗಾರೆ ಚೂರಿನ ಕೆಳಗೆ ಹಾಕ್ಕೊಂಡು ಬಂದ. ಮಾಮನ್ನ ಹಿಡ್ಕೊಂಡು ಹೋದ್ಮೇಲೆ ಆ ಪುಣ್ಯಾತ್ಮ ಊರಲ್ಲೇ ಇಲ್ಲ. ಮಾರೋ ಹಾಗಿಲ್ಲ, ವಾಪಸ್ ಇಡೋ ಹಾಗಿಲ್ಲ. ಅಂಗಳದಲ್ಲಿ ಗುಂಡಿ ತೆಗೆದು ತಲೆಕೆಳಗಾಗಿ ಇಳಿಸಿದ್ರು. ಪೊಲೀಸ್ರು ನಮ್ಮನೆ ಹುಡುಕೋಕೆ ಬಂದಾಗ ಅಮ್ಮ ಅದರ ಮೇಲೆ ಬಟ್ಟೆ ಒಗೀತಾ ಕೂತಿದ್ಲು. ಏಳ್ಲಿಲ್ಲ.”

“ಅಮ್ಮಂಗೂ ಗೊತ್ತಿತ್ತಾ?”

“ಗೊತ್ತಿಲ್ದೆ? ಅವತ್ತಿಂದ ಅಪ್ಪ-ಅಮ್ಮ ಒಟ್ಟಿಗೆ ಕೂತು ಊಟ ಮಾಡಿದ್ದು ನೀನು ನೋಡಿದೀಯಾ?”

ನೋಡಿರಲಿಲ್ಲ. ಅಪ್ಪನಿಗೆ ಕೆಲಸದ ಅವಸರ ಎಂದುಕೊಂಡಿದ್ದಳು. ಎಣಿಸಿ ಹಿಂದಿರುಗಿಸುತ್ತಿದ್ದ ಆ ಮೊಳೆಗಳೆಲ್ಲ ಯಾವ ಲೆಕ್ಕಕ್ಕೆ ಎಂಬುದು ಈಗ ಅರ್ಥವಾಗಿ, ಅಪ್ಪನ ಮೇಲೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

ಉಳಿದದ್ದನ್ನು ಅಕ್ಕ ಚುಟುಕಾಗಿ ಹೇಳಿದಳು. ಹಳೇ ಮನೆ ಕೆಡವಿದಾಗ ಕೆಲಸದವರು ಒಗೆಯುವ ಕಲ್ಲನ್ನು ಮೀಟಿ ಎಬ್ಬಿಸಿದರು, ಅಡಿಯಲ್ಲಿ ಟಗರು. ಭಾವನ ಕಣ್ಣು ಅರಳಿತು. ನೆಲದಲ್ಲಿ ಸಿಕ್ಕದ್ದು ಸರ್ಕಾರದ ಪಾಲಾಗುತ್ತದೆಂದು ಮರದ ಕೆಳಗಿನ ಕಥೆ ಕಟ್ಟಿದ. ಕಳ್ಳತನದ ವಿಷಯ ಅವನಿಗೆ ಗೊತ್ತಿಲ್ಲ. ಹೇಳಬೇಕಾದರೆ ಅಕ್ಕ ‘ನಮ್ಮಪ್ಪ ಕಳ್ಳ’ ಎಂದು ಗಂಡನ ಮುಂದೆ ಹೇಳಬೇಕಿತ್ತು. ಆ ಮಾತು ಅವಳ ನಾಲಗೆಯಿಂದ ಹೊರಡಲಿಲ್ಲ.

“ಮರದ ಕೆಳಗೆ ಇತ್ತು ಅನ್ನೋದಷ್ಟೇ ಸುಳ್ಳು ಕಣೆ. ಉಳಿದಿದ್ದೆಲ್ಲ ನಿಜ. ನಮ್ಮಂಗಳದಲ್ಲೇ ಇತ್ತು, ನೀನು ದಿನಾ ಅದರ ಮೇಲೇ ಕೂತಿದ್ದೆ. ಆ ಮ್ಯೂಸಿಯಂ ಸುಟ್ಟು ಬೂದಿಯಾಗಿ ಎಷ್ಟು ಕಾಲ ಆಯ್ತು. ಫೋಟೋ ಇಲ್ಲ, ದಾಖಲೆ ಇಲ್ಲ. ಇನ್ನು ಕೇಳೋರು ಯಾರಿದ್ದಾರೆ?”

“ಮಾಮ ಇದ್ದಾರೆ.”

“ಅವರು ಅನುಭವಿಸಿ ಮುಗಿದೋಯ್ತು. ಈಗ ನೀನು ಬಾಯಿಬಿಟ್ರೆ ಅವರ ಜೈಲು ವಾಪಸ್ ಬರುತ್ತಾ? ನನ್ನ ಗಂಡ ಒಳಗೆ ಹೋಗ್ತಾರೆ, ಅಷ್ಟೇ. ಸುಳ್ಳು ಹೇಳಿಕೆಗೆ ನಾನೂ ಹೋಗ್ತೀನಿ.” ಅಕ್ಕ ತಂಗಿಯ ಎರಡೂ ಕೈ ಹಿಡಿದುಕೊಂಡಳು. “ಅಮ್ಮ ಸಾಯೋ ತನಕ ಹೊಟ್ಟೇಲಿಟ್ಕೊಂಡಿದ್ಲು. ನಾನಿಟ್ಕೊಂಡೆ. ಈಗ ನಿನ್ನ ಸರದಿ.”

ಅಕ್ಕನ ಬೆರಳುಗಳು ತಣ್ಣಗಿದ್ದವು, ಬಿಡಿಸಿಕೊಳ್ಳಲು ವಂಶಾವಳಿಗೆ ಮನಸ್ಸು ಬರಲಿಲ್ಲ. ಮಾಮನ ಮಗಳ ಬೆನ್ನ ಹಿಂದೆ ‘ಬ್ಯಾ’ ಎಂದು ಕೂಗಿದ ತನ್ನದೇ ದನಿ ಕಿವಿಯಲ್ಲಿ ಗುಂಯ್ಗುಡುತ್ತಿತ್ತು.

ವಕೀಲೆ ಬಂದ ದಿನ ಎಲ್ಲರೂ ಕೆಂಡದ ಮೇಲೆ ಕೂತಂತಿದ್ದರು. ಕೋಣೆಯ ನಡುವೆ ಗಾಲಿಯ ಹಲಗೆಯ ಮೇಲೆ ಟಗರು ತನ್ನ ಪಾಡಿಗೆ ಮಲಗಿತ್ತು. ಅದರ ಒಂದು ಬದಿಗೆ ಅಕ್ಕ-ಭಾವ, ಇನ್ನೊಂದು ಬದಿಗೆ ಯಜಮಾನರು ಮತ್ತು ವಂಶಾವಳಿ. ವಕೀಲೆ ಸಣಕಲು ಹೆಂಗಸು, ದನಿಯೂ ಸಣ್ಣದು. ಆದರೆ ಪ್ರಶ್ನೆಗಳು ದಬ್ಬಳದ ಹಾಗೆ ಚುಚ್ಚುತ್ತಿದ್ದವು. ಯಾವ ಮರ, ಮುಖ ಯಾವ ಕಡೆಗಿತ್ತು, ಕೊಂಬು ಆಗಲೂ ಮುರಿದಿತ್ತೇ. ಅಕ್ಕ ಒಂದೊಂದಕ್ಕೂ ಉತ್ತರ ಕೊಟ್ಟಳು, ಎಲ್ಲೂ ತಡವರಿಸಲಿಲ್ಲ. ಭಾವನ ಹಣೆಯಲ್ಲಿ ಬೆವರು ಕಂಡಿತು. ಅವನದು ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ.

“ಒಂದೇ ಒಂದು ವಿಷಯ ಅರ್ಥ ಆಗ್ತಿಲ್ಲ” ಎಂದು ವಕೀಲೆ ವಂಶಾವಳಿಯ ಕಡೆ ತಿರುಗಿದಳು. “ಇದು ಪೀಠದ ಮೇಲೇ ನಿಂತಿದ್ರೆ ತಳ ಸವೆಯೋದು ಹೇಗೆ? ಪುರಾತನ ಕಾಲದ ತೂಬು ಅಂತ ನೀವೇ ಬರೆದಿದೀರಿ. ಈ ಮಾತಿಗೆ ನೀವು ಈಗ್ಲೂ ಬದ್ಧರಾಗಿದೀರಾ? ಹೌದು ಅಂದ್ರೆ ನಾನು ಇವತ್ತೇ ಒಪ್ಪಿಗೆ ಕೊಡ್ತೀನಿ. ನಿಮ್ಮ ಮಾತಿಗೆ ಅಷ್ಟು ಬೆಲೆ ಇದೆ.”

ಹೌದು ಎಂಬ ಒಂದು ಮಾತು. ಯಜಮಾನರು ಆಗಲೇ ನಗಲು ತುಟಿ ಅಗಲಿಸಿದ್ದರು. ಅಕ್ಕ ಅವಳನ್ನು ನೋಡುತ್ತಿರಲಿಲ್ಲ, ತನ್ನ ಕೈಗಳನ್ನು ನೋಡುತ್ತಿದ್ದಳು. ಹೌದು ಎನ್ನಲು ವಂಶಾವಳಿ ಬಾಯಿ ತೆರೆದದ್ದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಅಕ್ಕ ಒಬ್ಬಳೇ ಉಳಿದಿದ್ದ ರಕ್ತಸಂಬಂಧ. ಆದರೆ ಬಾಯಿಂದ ಬಂದದ್ದು ಬೇರೆ.

“ಇಲ್ಲ. ಅದು ನಮ್ಮಮ್ಮ ಬಟ್ಟೆ ಒಗೆದು ಒಗೆದು ಸವೆದಿದ್ದು.”

ಒಂದು ಸಲ ಕಟ್ಟೆ ಒಡೆದ ಮೇಲೆ ನೀರು ನಿಲ್ಲುವುದಿಲ್ಲ. ಕೈಗಾಡಿ, ಗುಂಡಿ, ಮ್ಯೂಸಿಯಂ, ಕಾವಲುಗಾರ, ಎಲ್ಲವನ್ನೂ ಹೇಳಿದಳು. ಕೊನೆಗೆ, “ಒಡೆಯರ ಸಾಲಲ್ಲಿ ನಮ್ಮಪ್ಪನ ಹೆಸರು ಬರಬೇಕಾದ್ದೇ. ಕದ್ದವರು ಅಂತ ಬರೀರಿ” ಎಂದಳು. ಭಾವ ದಡಕ್ಕನೆ ಎದ್ದು ಹೆಂಡತಿಯನ್ನು ನೋಡಿದ. ಅವನಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ, ಮುಖ ಸುಣ್ಣದ ಹಾಗಾಗಿತ್ತು. ವಕೀಲೆ ಕಡತ ಮುಚ್ಚಿ, ಇನ್ನು ಈ ವಿಷಯ ಪೊಲೀಸರಿಗೆ ತಿಳಿಸದೆ ತನಗೆ ಬೇರೆ ದಾರಿಯಿಲ್ಲವೆಂದು ಅದೇ ಸಣ್ಣ ದನಿಯಲ್ಲಿ ಹೇಳಿದಳು. ಅಕ್ಕ ಬಾಗಿಲ ಹತ್ತಿರ ಹೋಗಿ ಒಂದು ಕ್ಷಣ ನಿಂತಳು.

“ಮಾಮನ ಹತ್ರ ಹೋಗ್ತೀಯಲ್ಲ, ಹೋಗು. ನನ್ನ ಹತ್ರ ಮಾತ್ರ ಬರಬೇಡ.”

ವಂಶಾವಳಿ ಅಂದೇ ಹೋದಳು. ಇನ್ನು ಆ ಮನುಷ್ಯನನ್ನು ಒಂದು ದಿನವೂ ಕಾಯಿಸಬಾರದು ಎಂದು ಅವಳಿಗೆ ಅನ್ನಿಸಿತ್ತು. ನಿಜ ಹೇಳಬೇಕೆಂದರೆ, ಅಕ್ಕನನ್ನು ಕಳೆದುಕೊಂಡ ಸಂಕಟಕ್ಕೆ ಅಲ್ಲಿ ಸಿಗುವ ಒಂದು ಆಶೀರ್ವಾದ ಅವಳಿಗೆ ತುರ್ತಾಗಿ ಬೇಕಾಗಿತ್ತು.

ಮಾಮ ಮಗಳ ಮನೆಯ ಹಿಂದಿನ ಕೋಣೆಯಲ್ಲಿ ನೆಲದ ಮೇಲೆ ಕೂತು ಕುರ್ಚಿಯೊಂದಕ್ಕೆ ಬೆತ್ತ ಹೆಣೆಯುತ್ತಿದ್ದರು. ಜೈಲಿನಿಂದ ಬಂದ ಮೇಲೆ ಹೊಟ್ಟೆ ಹೊರೆದದ್ದು ಆ ಕೆಲಸದಿಂದಲೇ. ಅವಳ ಗುರುತು ಹಿಡಿದು, “ಗಾರೆಯವನ ಚಿಕ್ಕ ಮಗಳಲ್ವಾ? ಬಾ, ಕೂತ್ಕೋ” ಎಂದರು. ಅವಳು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲವೆಂದು ನಿಂತೇ ಎಲ್ಲವನ್ನೂ ಹೇಳಿ ಮುಗಿಸಿದಳು. ನಾಳೆ ಪೊಲೀಸರೇ ಬಂದು ಅವರ ಹೇಳಿಕೆ ತೆಗೆದುಕೊಳ್ಳುತ್ತಾರೆ, ಕೋರ್ಟಿನ ತೀರ್ಪು ತಪ್ಪೆಂದು ಬರೆಸಬಹುದು, ಎಲ್ಲರಿಗೂ ತಿಳಿಯುತ್ತದೆ ಎಂದೂ ಹೇಳಿದಳು.

ಮುದುಕರ ಕೈ ನಿಂತಿತ್ತು. ಅವರು ಅಳುತ್ತಾರೆ, ಇಲ್ಲವೇ ಅಪ್ಪನಿಗೆ ಶಾಪ ಹಾಕುತ್ತಾರೆ ಎಂದು ಅವಳು ಕಾದಳು. ಎರಡಕ್ಕೂ ಸಿದ್ಧಳಾಗಿಯೇ ಬಂದಿದ್ದಳು.

“ಯಾವ ಕಲ್ಲು ಅಂದೆ?”

“ಅಮ್ಮ ಬಟ್ಟೆ ಒಗೀತಿದ್ದ ಕಲ್ಲು ಮಾಮ.”

“ನಿಮ್ಮಮ್ಮಂಗೆ ಗೊತ್ತಿತ್ತಾ, ಕೆಳಗೆ ಏನಿದೆ ಅಂತ?”

ಅವಳು ಹೌದೆಂದು ತಲೆಯಾಡಿಸಿದಳು.

ಮಾಮ ಬೆತ್ತದ ಎಳೆಯನ್ನು ಪಕ್ಕಕ್ಕಿಟ್ಟರು. “ನಾನು ಒಳಗಿದ್ದಾಗ ಬೀದಿಯವರೆಲ್ಲ ನಮ್ಮನೆ ಕಡೆ ನೋಡೋದನ್ನೇ ಬಿಟ್ಟಿದ್ರು. ನನ್ನ ಹೆಂಡತಿ ಹಾಸಿಗೆ ಹಿಡಿದ್ಲು. ನಿಮ್ಮಮ್ಮ ಹಿತ್ತಲ ಬಾಗಿಲಿಂದ ಬಂದು ನಮ್ಮನೆ ಬಟ್ಟೆ ಎಲ್ಲ ಬಾಚ್ಕೊಂಡು ಹೋಗೋಳು. ಒಗೆದು, ಮಡಚಿ, ತಂದಿಡೋಳು. ಒಂದು ಮಾತಾಡ್ತಿರ್ಲಿಲ್ಲ. ಕೋರ್ಟಿಗೆ ಹೋಗೋ ದಿನ ತಪ್ಪದೆ ಬಿಳೀ ಶರ್ಟು ಕಳಿಸ್ತಿದ್ಲು. ಅದನ್ನ ಹಾಕ್ಕೊಂಡು ಕಟಕಟೇಲಿ ನಿಂತ್ಕೋತಿದ್ದೆ. ಯಾರ್ ಏನಾದ್ರೂ ಅನ್ಲಿ, ಈ ಊರಲ್ಲಿ ಒಬ್ಳಾದ್ರೂ ನನ್ನ ನಂಬಿದಾಳೆ ಅಂತ.” ಅವರು ನಿಲ್ಲಿಸಿದರು. ದನಿ ಏರಲಿಲ್ಲ, ಅದೇ ಅವಳಿಗೆ ತಡೆಯಲಾಗದಂತಾಯಿತು. “ಇಷ್ಟು ವರ್ಷ ಅದೊಂದರ ಮೇಲೇ ಬದುಕಿದೀನಿ ಮಗಳೇ. ಅವಳು ನಂಬಿರ್ಲಿಲ್ಲ. ಅವಳಿಗೆ ಗೊತ್ತಿತ್ತು.”

ಅವಳು ಏನೋ ಹೇಳಲು ಹೋದಳು. ಅಮ್ಮನ ಪರವಾಗಿ, ತನ್ನ ಪರವಾಗಿ, ಯಾವುದಾದರೂ ಒಂದು ಮಾತು.

“ಕಳ್ಳ ಅಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತಲ್ಲ” ಎಂದರು ಮಾಮ. ಮತ್ತೆ ಬೆತ್ತ ಕೈಗೆತ್ತಿಕೊಂಡರು. ಆದರೆ ಹೆಣಿಗೆಯ ಜಾಡು ತಪ್ಪಿತ್ತು, ಎಳೆ ಎಲ್ಲಿಗೆ ಹೋಗಬೇಕೆಂದು ಬೆರಳುಗಳು ಹುಡುಕುತ್ತಿದ್ದವು. “ಹೊತ್ತಾಯ್ತು, ಹೊರಡಮ್ಮ. ಹೋಗ್ತಾ ಬಾಗಿಲು ಎಳ್ಕೊಂಡು ಹೋಗು.”